ಕರೆಂಟ್ ಹೊರಟಿದೆ ಎನ್ನುತ್ತಿದ್ದ ಗೆಳೆಯ

ತೂಬಗೆರೆ ಕಡೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ನಾನೂ ನನ್ನ ಈ ಗೆಳೆಯನೂ ಬಹಳ ವರ್ಷ ಒಟ್ಟಿಗೆ ಕೆಲಸ ಮಾಡಿದೆವು. ಯಂತ್ರ ನೋಡಿಕೊಳ್ಳುವುದು ಕೆಲಸದ ಒಂದು ಭಾಗ, ಫೋನಿನಲ್ಲಿ ಬೈಸಿಕೊಳ್ಳುವುದು ಇನ್ನೊಂದು. ಕರೆಂಟ್ ಹೋದ ತಕ್ಷಣ ಸುತ್ತಲಿನ ಹಳ್ಳಿಗಳೆಲ್ಲ ನಮಗೆ ಫೋನ್ ಮಾಡುತ್ತಿದ್ದವು. ನಾನು ಎತ್ತಿದರೆ ಬೈಗುಳ ಉದ್ದವಾಗುತ್ತಿತ್ತು. ಅವನು ಎತ್ತಿದರೆ ಅರ್ಧಕ್ಕೇ ನಿಲ್ಲುತ್ತಿತ್ತು.

“ಎಲ್ಲಿ ಸತ್ತೋಯ್ತು ಸಾರ್ ಕರೆಂಟು?”

“ಹೊರಟೈತೆ ಗೌಡ್ರೇ. ದೇವನಹಳ್ಳಿ ಬಿಟ್ಟು ಆವತಿ ಹತ್ರ ಟೀ ಕುಡೀತಾ ಐತೆ. ಕುಡಿದ್ಬಿಟ್ಟು ಬರ್ತದೆ.”

ಹೀಗೆ ಹೇಳುವಾಗ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಮೇಲಧಿಕಾರಿಯೊಬ್ಬರು ಒಮ್ಮೆ ಇದನ್ನು ಕೇಳಿಸಿಕೊಂಡು, ಸಾರ್ವಜನಿಕರಿಗೆ ಸರಿಯಾದ ಮಾಹಿತಿ ಕೊಡಬೇಕೆಂದು ಗದರಿದರು. ಮಾರನೆಯ ದಿನದಿಂದ ಅವನು ಟೀ ಬಿಟ್ಟು ಕಾಫಿ ಅನ್ನತೊಡಗಿದ.

ಕಳೆದ ವರ್ಷ ಅವನಿಗೆ ಎದೆನೋವು ಬಂತು. ದೊಡ್ಡಬಳ್ಳಾಪುರದ ಆಸ್ಪತ್ರೆಗೆ ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ರಕ್ತನಾಳ ಕಟ್ಟಿಕೊಂಡಿದೆ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರು. ಅವನು ಅದನ್ನು ಗಮನವಿಟ್ಟು ನೋಡಿದ.

“ಲೈನ್ ಫಾಲ್ಟು ಅನ್ನಿ. ನಮ್ಮ ಆಫೀಸಿಗೆ ಮಾತ್ರ ಕಂಪ್ಲೇಂಟ್ ಕೊಡ್ಬೇಡಿ ಡಾಕ್ಟ್ರೇ, ಅವ್ರು ಬೇಗ ಬರೋದಿಲ್ಲ.”

ಡಾಕ್ಟರು ನಗಲಿಲ್ಲ. ಅವರ ಮನೆಯೂ ನಮ್ಮ ಲೈನಿನಲ್ಲೇ ಇತ್ತೇನೋ.

ಚಿಕಿತ್ಸೆಯಾಗಿ ಕೆಲಸಕ್ಕೆ ಮರಳಿದ. ಕೆಲವು ತಿಂಗಳು ಚೆನ್ನಾಗಿಯೇ ಇದ್ದ. ಆಮೇಲೆ ಒಂದು ಬೆಳಿಗ್ಗೆ ಮನೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದವನು ಸುಸ್ತು ಎಂದು ಕುಳಿತ. ಮತ್ತೆ ಏಳಲಿಲ್ಲ. ಫೋನಿನಲ್ಲಿ ಸುದ್ದಿ ತಿಳಿಸಿದ ಅವನ ತಮ್ಮನನ್ನು ನಾನು, “ತಮಾಷೆಗೆ ಅವನೇ ಹೇಳಿಸ್ತಾ ಇದ್ದಾನಾ?” ಎಂದು ಕೇಳಿದೆ. ಆ ಕಡೆಯಿಂದ ಅಳು ಕೇಳಿಸಿತು.

ತಿಥಿ ಕಳೆದ ಮೇಲೆ ಅವನ ಹೆಂಡತಿ ಸ್ಟೇಷನ್ನಿಗೆ ಬಂದರು. ಅವನ ಕನ್ನಡಕ, ಚಪ್ಪಲಿ, ಒಂದು ಹಳೆಯ ಟವೆಲ್ ಇಲ್ಲೇ ಉಳಿದಿದ್ದವು. ಚೀಲಕ್ಕೆ ಹಾಕಿಕೊಟ್ಟೆ. ಅವರು ಹೊರಡದೆ ಬೆಂಚಿನ ಮೇಲೆ ಕುಳಿತರು.

“ಅಣ್ಣಾ, ತಿಥಿಗೆ ಬಂದೋರೆಲ್ಲ ಅವ್ರ ತಮಾಷೆ ನೆನೆಸ್ಕೊಂಡು ಅಳ್ತಿದ್ರು. ಮನೇಲಿ ಊಟಕ್ಕಿಡು ಅನ್ನೋದ್ ಬಿಟ್ರೆ ಅವ್ರು ಬಾಯೇ ಬಿಡ್ತಿರ್ಲಿಲ್ಲ. ಇಲ್ಲಿ ಏನ್ ಹೇಳ್ತಿದ್ರು? ಒಂದು ಹೇಳಿ.”

ತಮಾಷೆ ಹೇಳುವುದು ನನಗೆ ಬರುವುದಿಲ್ಲ. ಆದರೂ ರೈತರು ಸ್ಟೇಷನ್ನಿಗೆ ಬೀಗ ಜಡಿಯಲು ಬಂದ ದಿನದ ಕಥೆ ಹೇಳಿದೆ. ಗಾಳಿಗೆ ಮರ ಬಿದ್ದು, ಕಂಬ ಮುರಿದು, ದಿನಗಟ್ಟಲೆ ಕರೆಂಟ್ ಇರಲಿಲ್ಲ. ತೋಟಕ್ಕೆ ನೀರಿಲ್ಲದೆ ರೇಗಿದ ಜನ ದೊಡ್ಡ ಬೀಗ ಹಿಡಿದು ಗೇಟಿನೊಳಗೆ ನುಗ್ಗಿದರು. ನಾನು ಬಾಗಿಲ ಹಿಂದೆ ಸರಿದೆ. ಅವನು ಕುರ್ಚಿ ಎತ್ತಿಕೊಂಡು ಹೊರಗೆ ಹೋಗಿ, ಅವರ ನಡುವೆ ಹಾಕಿಕೊಂಡು ಕುಳಿತ.

“ಜಡೀರಪ್ಪಾ, ಬೇಗ ಜಡೀರಿ. ನನಗೆ ರಜ ಸಿಕ್ಕಿ ಯಾವ ಕಾಲ ಆಯ್ತೋ. ಬೀಗ ಗಟ್ಟಿ ಐತೆ ತಾನೇ?”

ಬೀಗ ಹಿಡಿದಿದ್ದವನೇ ಮೊದಲು ನಕ್ಕ. ಆಮೇಲೆ ಅದೇ ಜನ ಟ್ರ್ಯಾಕ್ಟರ್ ತಂದು ನಮಗೆ ಕಂಬ ಸಾಗಿಸಿಕೊಟ್ಟರು. ಸಂಜೆಗೆ ಕರೆಂಟ್ ಬಂತು.

ಅವನ ಹೆಂಡತಿ ನಗಲಿಲ್ಲ.

“ಆ ದಿನ ನನಗೆ ಗೊತ್ತು ಅಣ್ಣಾ. ಮನೆಗೆ ಬಂದಾಗ ಅವ್ರ ಕೈ ನಡುಗ್ತಿತ್ತು. ಲೋಟ ಹಿಡ್ಕೊಳ್ಳೋಕೂ ಆಗ್ಲಿಲ್ಲ. ನಾನೇ ನೀರು ಕುಡಿಸ್ದೆ. ಯಾಕ್ರೀ ಅಂದ್ರೆ, ಏನೂ ಇಲ್ಲ ಅಂದ್ರು.”

ಅವನಿಗೂ ಹೆದರಿಕೆ ಇತ್ತೆಂಬುದು ನನಗೆ ಗೊತ್ತಾಗಿದ್ದು ಆಗಲೇ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, “ಇನ್ನೊಂದು ಹೇಳಿ” ಎಂದರು.

ಅವರ ಊರಿನ ಬಸ್ಸು ಬರುವವರೆಗೂ ಹೇಳಿದೆ. ಒಂದೆರಡಕ್ಕೆ ನಕ್ಕರು.