ಖಾಲಿ ಗಾಡಿಮನೆಯನ್ನು ಬೆಚ್ಚಗಿಡುವ ಆರ್ಡಿಸ್

ಸುಪೀರಿಯರ್ ಸರೋವರದ ಮೇಲೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆರ್ಡಿಸ್ ಹೌಗೆನ್ ಹಿಮದಲ್ಲಿ ಮಂಡಿಯೂರಿ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ಹೆಪ್ಪುಗಟ್ಟಿದ ನಲ್ಲಿಯೊಂದಕ್ಕೆ ಹಿಡಿದಿದ್ದಾರೆ. "ನನ್ನ ತಲೆಗೆ ಇದನ್ನ ಒಂದಿನಾನೂ ಹಿಡಿದಿಲ್ಲ. ಎಲ್ಲಾ ಈ ನಲ್ಲಿಗಳ ಶೋಕಿಗೇ ಆಯ್ತು," ಎಂದು ಗೊಣಗುತ್ತಾರೆ. ಒಳಗೆಲ್ಲೋ ಟಕ್ ಎಂದು ಮಂಜುಗಡ್ಡೆ ಸಡಿಲವಾಗುತ್ತದೆ. ನಲ್ಲಿ ಒಮ್ಮೆ ಕೆಮ್ಮಿ, ನೀರು ಬಿಡುತ್ತದೆ.

ಅಲ್ಲಿಂದ ಅವರದು ಒಂದು ಸುತ್ತು. ಬೇಸಿಗೆಯಲ್ಲಿ ಗಿಜಿಗುಡುವ ಈ ಬಿಡಾರದಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯ ಗಾಡಿಮನೆಗಳು, ಅಂದರೆ ಚಕ್ರದ ಮೇಲಿನ ಪುಟ್ಟ ಮನೆಗಳು. ಅವುಗಳಲ್ಲಿರುವವರು ಊರಿನ ಆಸ್ಪತ್ರೆಗೆ ಚಳಿಗಾಲದ ಮಟ್ಟಿಗೆ ಬಂದ ನರ್ಸ್, ರಸ್ತೆ ಕೆಲಸದವರು, ವಿಚ್ಛೇದನದಲ್ಲಿ ಮನೆ ಕಳೆದುಕೊಂಡವರು. ಪ್ರತಿ ಗಾಡಿಯ ಪಕ್ಕದಲ್ಲಿರುವ ಹೀಟರ್ ಕೊಳವೆಯಿಂದ ಬಿಳಿ ಹಬೆ ಏಳುತ್ತಿದೆಯೇ ಎಂದು ಆರ್ಡಿಸ್ ನೋಡುತ್ತಾ ಹೋಗುತ್ತಾರೆ. "ಹಬೆ ಕಂಡ್ರೆ ಒಳಗಿರೋರು ಬೆಚ್ಚಗಿದಾರೆ ಅಂತ. ಸುಮ್ಸುಮ್ನೆ ಬಾಗಿಲು ಬಡಿಯಲ್ಲ. ಚಳಿಗಾಲದಲ್ಲಿ ಇಲ್ಲಿ ಇರೋರು ಯಾರೂ ಮಾತಾಡೋಕೆ ಅಂತ ಬಂದೋರಲ್ಲ."

ಇದು ಆರ್ಡಿಸ್ ಅವರ ಮಾವನ ಹುಲ್ಲುಗಾವಲಾಗಿತ್ತು. ದಡದ ಗುಂಟ ಹೆದ್ದಾರಿ ಬಂದ ಮೇಲೆ, ಡೇರೆ ಹಾಕಿಕೊಳ್ಳಲೇ ಎಂದು ಕೇಳಿಕೊಂಡು ಬಂದವರಿಗೆ ಮಾವ ಜಾಗ ಬಿಟ್ಟುಕೊಟ್ಟರು. ಡೇರೆ ಹೋಗಿ ಕಾರಿನ ಬಾಲಕ್ಕೆ ಕಟ್ಟಿದ ಪುಟ್ಟ ಡಬ್ಬಿಗಳು ಬಂದವು. ಕರೆಂಟು ಕಂಬ ಬಂತು, ನಲ್ಲಿ ಬಂತು. ಕೊನೆಗೆ ಬಸ್ಸಿನಷ್ಟು ದೊಡ್ಡ ಗಾಡಿಗಳೇ ಬಂದವು. ಗಂಡ ನಾರ್ಮನ್ ತೀರಿಕೊಂಡ ಮೇಲೆ ಮೈದುನಂದಿರು ಜಾಗ ಮಾರಿದರು. ಆರ್ಡಿಸ್ ಮಾತ್ರ ಹೊಸ ಯಜಮಾನರ ಕೈಕೆಳಗೆ ಕಾವಲಿನವರಾಗಿ ಉಳಿದರು. ಇರುವುದು ತಮ್ಮದೇ ಹಳೆಯ ಗಾಡಿಯಲ್ಲಿ. ಗಂಡಹೆಂಡತಿ ಸಮುದ್ರ ನೋಡಿ ಬರೋಣವೆಂದು ಕೊಂಡ ಆ ಗಾಡಿ ಬೇಲಿಯನ್ನೇ ದಾಟಿಲ್ಲ.

ಎರಡು ವರ್ಷದ ಹಿಂದೆ, ಎಲ್ಲರೂ ಬೆಚ್ಚನೆಯ ದಕ್ಷಿಣಕ್ಕೆ ಹೊರಟ ಹೊತ್ತಿನಲ್ಲಿ, ಡೆಲ್ಮರ್ ಕ್ಯಾರೋ ಒಬ್ಬರೇ ಗಾಡಿ ಎಳೆದುಕೊಂಡು ಬಂದರು. ಅದಿರು ಸಾಗಿಸುವ ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಹೆಂಡತಿ ಸತ್ತು ತಿಂಗಳಾಗಿತ್ತಷ್ಟೆ.

"ಇದು ಬೇಸಿಗೆ ಗಾಡಿ ಕಣಯ್ಯಾ. ಇದರ ಗೋಡೆ ಬಿಸ್ಕತ್ತಿನ ಹಾಗಿದೆ. ದಕ್ಷಿಣಕ್ಕೆ ಹೋಗು," ಎಂದಿದ್ದರು ಆರ್ಡಿಸ್.

"ಅಲ್ಲಿ ನಗೋ ಜನ ಜಾಸ್ತಿ," ಎಂದರು ಡೆಲ್ಮರ್.

ಆರ್ಡಿಸ್ ಹುಲ್ಲಿನ ಪಿಂಡಿಗಳನ್ನು ಹೊತ್ತು ತಂದು, ಚಳಿಗಾಳಿ ನುಗ್ಗದಂತೆ ಗಾಡಿಯ ಬುಡಕ್ಕೆ ಸುತ್ತಲೂ ಒತ್ತಿದರು. ನೀರಿನ ಕೊಳವೆಗೆ ಬಿಸಿಯಾಗುವ ತಂತಿ ಸುತ್ತಿದರು, ಕಿಟಕಿಗಳಿಗೆ ಗುಳ್ಳೆ ಪ್ಲಾಸ್ಟಿಕ್ ಅಂಟಿಸಿದರು. ಅದಾದ ಮೇಲೆ ಡೆಲ್ಮರ್ ಆಗಾಗ ಕಾಡುಭತ್ತದ ಅಕ್ಕಿಯ ಸೂಪು ಮಾಡಿ, ಪಾತ್ರೆಯನ್ನು ಆರ್ಡಿಸ್ ಮೆಟ್ಟಿಲ ಮೇಲಿಟ್ಟು ಹೋಗತೊಡಗಿದರು. ಖಾಲಿ ಪಾತ್ರೆಯನ್ನು ಆರ್ಡಿಸ್ ತೊಳೆದು ಡೆಲ್ಮರ್ ಮೆಟ್ಟಿಲ ಮೇಲಿಡುವರು. ಇಬ್ಬರ ನಡುವಿನ ಮಾತುಕತೆ ಬಹುಪಾಲು ಇಷ್ಟೇ.

ಕಳೆದ ಜನವರಿಯಲ್ಲಿ ಹಿಮಗಾಳಿ ಬೀಸಿದ ಮಾರನೆಯ ಬೆಳಿಗ್ಗೆ ಡೆಲ್ಮರ್ ಗಾಡಿಯಿಂದ ಹಬೆ ಏಳಲಿಲ್ಲ. ಗಾಳಿ ತಂದು ಸುರಿದ ಹಿಮ ಕೊಳವೆಯ ಬಾಯಿಯನ್ನೇ ಮುಚ್ಚಿತ್ತು. ಒಳಗೆ ಹೀಟರ್ ಉರಿಯುತ್ತಲೇ ಇತ್ತು, ಅದರ ವಿಷಗಾಳಿ ಒಳಕ್ಕೇ ತುಂಬುತ್ತಿತ್ತು. ಆರ್ಡಿಸ್ ಬಾಗಿಲು ಬಡಿದರು, ಹೆಸರು ಹಿಡಿದು ಕೂಗಿದರು. ಸಲಿಕೆಯಿಂದ ಬಾಗಿಲು ಮೀಟಿ, ಉಸಿರು ಬಿಗಿಹಿಡಿದು ಒಳನುಗ್ಗಿ, ತಮಗಿಂತ ಎರಡು ಪಾಲು ತೂಕದ ಮನುಷ್ಯನನ್ನು ಕಂಬಳಿಯ ಸಮೇತ ಹಿಮಕ್ಕೆ ಎಳೆದು ತಂದರು.

"ಸತ್ತೇ ಹೋಗಿದಾನೆ ಅಂದ್ಕೊಂಡೆ. ಕೆನ್ನೆಗೆ ಎರಡು ಬಿಟ್ಟೆ. ಕಣ್ಣು ಬಿಟ್ಟು ಏನಂದ ಗೊತ್ತಾ? 'ಬಾಗಿಲು ಹಾಕೇ ಮಾರಾಯ್ತಿ, ಚಳಿ ಒಳಗೆ ಹೋಗುತ್ತೆ' ಅಂದ." ಆರ್ಡಿಸ್ ನಗುತ್ತಾರೆ. "ವಿಷಗಾಳಿ ಬಂದ್ರೆ ಕೂಗೋ ಪೆಟ್ಟಿಗೆ ಇತ್ತು. ಅದರ ಬ್ಯಾಟರಿ ತೆಗೆದು ಮೇಜಿನ ಮೇಲಿಟ್ಟಿದ್ದ. ಯಾಕೆ ಅಂತ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ."

ಆಸ್ಪತ್ರೆಯಿಂದಲೇ ಮಗಳು ಡೆಲ್ಮರ್‌ರನ್ನು ದಕ್ಷಿಣದ ಅರಿಜೋನಾಕ್ಕೆ ಕರೆದೊಯ್ದಳು. ಗಾಡಿ ಇಲ್ಲೇ ಉಳಿಯಿತು. ಆಮೇಲೆ ಬಂದದ್ದು ಒಂದೇ ಫೋನು. ಡೆಲ್ಮರ್ ಇಲ್ಲಿಯ ಹವೆ ಹೇಗಿದೆಯೆಂದು ಕೇಳಿದರು, ಆರ್ಡಿಸ್ ಹೇಳಿದರು.

ಇದು ಮತ್ತೊಂದು ಚಳಿಗಾಲ. ಸುತ್ತು ಮುಗಿಸುವ ಮುನ್ನ ಆರ್ಡಿಸ್ ಡೆಲ್ಮರ್ ಗಾಡಿಯ ಹೊಸ ಬಾಗಿಲನ್ನು ತೆರೆಯುತ್ತಾರೆ. ಒಳಗೆ ಹೀಟರ್ ಸಣ್ಣಗೆ ಉರಿಯುತ್ತಿದೆ. ಗ್ಯಾಸ್ ಸಿಲಿಂಡರ್ ಆರ್ಡಿಸ್ ಅವರದೇ. ಕಿಟಕಿಯ ಅಂಚಿನಲ್ಲಿ ಇಳಿದ ತೇವವನ್ನು ಬಟ್ಟೆಯಿಂದ ಒರೆಸುತ್ತಾರೆ. ವಿಷಗಾಳಿಯ ಪೆಟ್ಟಿಗೆಗೆ ಹೊಸ ಬ್ಯಾಟರಿ ಹಾಕಿದ್ದಾರೆ. ಗುಂಡಿ ಒತ್ತಿದರೆ ಅದು ಕಿರ್ರೆಂದು ಕೂಗುತ್ತದೆ.

ಯಜಮಾನರ ಕಚೇರಿಯಿಂದ ಈಗಾಗಲೇ ಎರಡು ಸಲ ಹೇಳಿ ಕಳಿಸಿದ್ದಾರೆ: ಹೆಪ್ಪುಗಟ್ಟಿ ಒಡೆಯದಂತೆ ಕೊಳವೆಗಳ ನೀರು ಬಸಿದು ಗಾಡಿಗೆ ಬೀಗ ಜಡಿಯಿರಿ, ಖಾಲಿ ಗಾಡಿಗೆ ಯಾಕೆ ಕಾವು?

"ಅವ್ರು ಹೇಳೋದೂ ಸರಿನೇ," ಎನ್ನುತ್ತಾರೆ ಆರ್ಡಿಸ್. "ಎಲ್ಲರೂ ಹಾಗೇ ಮಾಡೋದು. ಆದ್ರೆ ನೀರು ಬಸಿದುಬಿಟ್ರೆ, ಅವನು ಬರಲ್ಲ ಅಂತ ನಾನೇ ತೀರ್ಮಾನ ಮಾಡಿದ ಹಾಗಾಗುತ್ತೆ."

ಹಾಗಾದರೆ ಡೆಲ್ಮರ್ ಬರಲಿ ಎಂಬುದು ನಿಮ್ಮ ಆಸೆಯೇ ಎಂದರೆ, ಆರ್ಡಿಸ್ ಬಟ್ಟೆ ಹಿಂಡುತ್ತಾ ಹಾಗಲ್ಲ ಎಂಬಂತೆ ತಲೆಯಾಡಿಸುತ್ತಾರೆ.

"ಬರೋದು ಬಿಡೋದು ಅವನಿಗೆ ಬಿಟ್ಟಿದ್ದು. ಬಂದ್ರೆ, ನಲ್ಲಿ ತಿರುಗಿಸಿದ ತಕ್ಷಣ ನೀರು ಬರ್ಬೇಕು. ಅಷ್ಟೆ."