ಚೀಲಗಳ ನರ್ಸ್

ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಆನ್‌ಲೈನಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಆ ಮನೆಯಲ್ಲಿ ಟಿವಿಯ ಗದ್ದಲ ಮುಟ್ಟದ ಜಾಗವೆಂದರೆ ಮೆಣಸಿನಕಾಯಿ ಚೀಲಗಳ ಕೋಣೆಯೊಂದೇ. ಮೊಬೈಲ್ ನೋಡುತ್ತ ಚೀಲಗಳಿಗೇ ಬ್ಯಾಂಡೇಜ್ ಸುತ್ತಿ ಕಲಿತಳು. ಸುತ್ತುವಾಗೆಲ್ಲ, "ಅಂಜಬ್ಯಾಡ್ರಿ, ಅಲ್ಲಾಡಬ್ಯಾಡ್ರಿ," ಎನ್ನುತ್ತಿದ್ದಳು. ವ್ಯಾಪಾರಕ್ಕೆ ಬಂದವರು, "ಇವಕ್ಕೇನಾಗೈತ್ರಿ?" ಎಂದು ಅವಳಪ್ಪನನ್ನು ಕೇಳುತ್ತಿದ್ದರು.

ವಿಡಿಯೊ ಕಾಲ್‌ನಲ್ಲಿ ಪರೀಕ್ಷೆ ನಡೆದ ದಿನ ಕಾಲೇಜಿನ ಮೇಡಂ, ಜೀವವಿರುವ ರೋಗಿಯೇ ಬೇಕೆಂದರು. ಅವಳು ಓಡಿಬಂದು ನನ್ನನ್ನು ಎಳೆದೊಯ್ದು ಚೀಲಗಳ ನಡುವೆ ಕೂರಿಸಿದಳು. ತಲೆಗೆ ಬ್ಯಾಂಡೇಜ್ ಸುತ್ತುವಷ್ಟರಲ್ಲಿ ಖಾರದ ಘಾಟು ಮೂಗಿಗೇರಿ ಸೀನಿದೆ. ಬ್ಯಾಂಡೇಜ್ ಜಾರಿ ಕಣ್ಣಿನ ಮೇಲೆ ಬಿತ್ತು. ಮತ್ತೆ ಸುತ್ತಿದಳು, ಮತ್ತೆ ಸೀನಿದೆ.

ಮೇಡಂ ನೋಡುತ್ತಿದ್ದಾರೆಂಬುದನ್ನೂ ಮರೆತು ಅವಳು ಸಿಡುಕಿದಳು: "ಏನ್ ಕಾಕಾ ನೀವು! ಇಷ್ಟು ದಿನದಾಗ ಒಂದಾದ್ರೂ ಚೀಲ ಸೀನೈತೇನ್ರಿ?"