ತಲೆಕೆಳಗಾಗಿ ಹಿಡಿದ ಅರ್ಜಿ

ಚಾಚಾ ಅವರ ಗಡ್ಡ ಎಲ್ಲಿ ಮುಗಿಯುತ್ತದೆ, ಉಣ್ಣೆ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟವಿತ್ತು. ಹುಬ್ಬಿನಲ್ಲಿ, ಕಿವಿಯಲ್ಲಿ, ಕಣ್ಣಿನ ರೆಪ್ಪೆಯಲ್ಲಿ ಕೂಡ ಕುರಿಯುಣ್ಣೆಯ ಎಳೆಗಳು ಅಂಟಿರುತ್ತಿದ್ದವು. ಮಾತಾಡುವ ಮೊದಲು ಒಮ್ಮೆ ಕೆಮ್ಮಿ, ತುಟಿಯ ಮೇಲಿನ ಎಳೆಯನ್ನು ಎರಡು ಬೆರಳಲ್ಲಿ ತೆಗೆದು ಅಂಗಿಗೆ ಒರೆಸಿಕೊಳ್ಳುತ್ತಿದ್ದರು.

ಮಕ್ಕಳೇ, ಚಳ್ಳಕೆರೆಯಲ್ಲಿ ಅವರದು ಉಣ್ಣೆ ಹಿಂಜುವ ಮಿಷನ್ನು. ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಅಲ್ಲಿ ಉಣ್ಣೆ ಹಿಂಜಿಸಿಕೊಂಡು ಬಂದು, ಕಂಬಳಿಗೆ ನೂಲು ತೆಗೆದು ನಿಮ್ಮ ಅಪ್ಪನನ್ನು ಸಾಕಿದೆ. ಹಿಂಜುವಾಗ ಉಣ್ಣೆಯಿಂದ ಹುಲ್ಲಿನ ಊಬು ಉದುರುತ್ತದೆ. ಕುರಿ ಮೇಯುವಾಗ ಮೈಗೆ ಚುಚ್ಚಿಕೊಳ್ಳುವ ಚೂಪಾದ ಬೀಜ ಅದು. ಚಾಚಾ ಅದನ್ನು ಗುಡಿಸಿ ಒಂದು ಹಳೆಯ ಡಬ್ಬಿಗೆ ತುಂಬುತ್ತಿದ್ದರು. ಒಂದನ್ನು ಬೆಳಕಿಗೆ ಹಿಡಿದು, ಇದು ಮೊಳಕಾಲ್ಮುರು ಗುಡ್ಡದಲ್ಲಿ ಮೇಯ್ದ ಕುರಿ, ಇದು ನಿಮ್ಮೂರ ಹುಲ್ಲಿನ ಕಾವಲಿನದು ಎಂದು ಹೇಳುವರು. ತಪ್ಪಿದ್ದನ್ನು ನಾನು ಕಾಣೆ.

ನನಗೆ ನಾಲ್ಕು ಜನರ ಎದುರು ಬಾಯಿ ಬರುವುದಿಲ್ಲ. ಸರದಿಯಲ್ಲಿ ಬೇರೆ ಹೆಂಗಸರು ನನ್ನನ್ನು ಹಿಂದೆ ತಳ್ಳಿದರೂ ಸುಮ್ಮನೆ ನಿಲ್ಲುತ್ತಿದ್ದೆ. ಚಾಚಾ ಅವರೇ ನೋಡಿ ಕರೆಯಬೇಕಿತ್ತು. "ನಿನ್ ಮೂಟೇನೂ ಮಾತಾಡಲ್ಲ, ನೀನೂ ಮಾತಾಡಲ್ಲ. ಯಾರ್ದು ಅಂತ ಹೆಂಗ್ ತಿಳ್ಕಳ್ಳಿ ಬೇಟಿ?" ಎನ್ನುತ್ತಿದ್ದರು.

ಕುದಾಪುರದ ಕಡೆ ಸರ್ಕಾರ ದೊಡ್ಡ ಸಂಸ್ಥೆಗಳಿಗೆಂದು ಕೊಟ್ಟ ಹುಲ್ಲುಗಾವಲಿನ ಸುತ್ತ ಆಗಲೇ ಗೋಡೆಗಳು ಎದ್ದಿದ್ದವು. ಒಂದು ದಿನ ನಮ್ಮೂರ ಕಾವಲಿನಲ್ಲೂ ಗುರುತಿನ ಕಲ್ಲು ನೆಟ್ಟು, ನೋಟೀಸು ಅಂಟಿಸಿ ಹೋದರು. ಕುರಿಗಳು ನೀರಿಗೆ ಹೋಗುವ ಕಟ್ಟೆಯ ದಾರಿ ಆ ಕಲ್ಲುಗಳ ಒಳಗೆ ಬಿತ್ತು. ದಾರಿ ಮುಚ್ಚಿದರೆ ಕುರಿ ಮಾರಬೇಕು, ಕುರಿ ಹೋದರೆ ಉಣ್ಣೆ ಇಲ್ಲ.

ನೂಲುವ ಹೆಂಗಸರಲ್ಲಿ ಏಳನೇ ಇಯತ್ತೆ ಓದಿದವಳು ನಾನೊಬ್ಬಳೇ. ಚಾಚಾ ನನ್ನನ್ನು ಉಣ್ಣೆಮೂಟೆಗಳ ಹಿಂದೆ ಕೂರಿಸಿ ಅರ್ಜಿ ಬರೆಸಿದರು. ನೋಟೀಸಿನಲ್ಲಿದ್ದ ಮಾತನ್ನೇ ನೋಡಿಕೊಂಡು, 'ಸದರಿ ಖರಾಬು ಜಮೀನನ್ನು ನಮಗೆ ಬಿಡಬೇಕು' ಎಂದು ಬರೆದು ಓದಿದೆ. ಅವರು ಮಿಷನ್ ನಿಲ್ಲಿಸಿದರು.

"ನಮ್ ಮನೇಲಿ ಒಡೆದ ಹಾಲಿಗೆ ಖರಾಬ್ ಅಂತೀವಿ. ನೀನೇ ಖರಾಬ್ ಅಂತ ಬರೆದ್ಮೇಲೆ ಅವರ್ಯಾಕೆ ಬಿಡ್ತಾರೆ? ಹೊಡೆದಾಕು ಅದನ್ನ."

ಹೊಡೆದುಹಾಕಿ 'ಕುರಿ ಮೇಯುವ ಕಾವಲು' ಎಂದು ಬರೆದೆ. ಆಮೇಲೆ ಹೋದಾಗಲೆಲ್ಲ ಮತ್ತೊಮ್ಮೆ ಓದು ಎನ್ನುವರು. ಕೇಳುವುದಕ್ಕೆ ಇಷ್ಟವಿರಬೇಕು ಎಂದುಕೊಂಡೆ.

ಜಮೀನಿನ ವಿಷಯಕ್ಕೆ ಸಭೆ ನಡೆಸಲು ಸರ್ಕಾರದ ಸಾಹೇಬರು ಬರುವ ಹಿಂದಿನ ದಿನ ಊರಲ್ಲಿ ಸುದ್ದಿ ಹಬ್ಬಿತು: ಅರ್ಜಿ ಕೊಟ್ಟವರ ವಿಧವಾ ವೇತನ ನಿಲ್ಲಿಸುತ್ತಾರಂತೆ. ಅರ್ಜಿಯ ಕೆಳಗೆ ಹೆಸರು ಬರೆಯದೆ ಹಾಗೇ ಬಿಟ್ಟೆ. ಮರುದಿನ ಶಾಲೆಯ ಜಗಲಿಯಲ್ಲಿ ಮೇಜು, ಪಕ್ಕದಲ್ಲಿ ಇಬ್ಬರು ಪೊಲೀಸರು. ನಾನು ಎದ್ದು ಓದಬೇಕಿತ್ತು. ಚಾಚಾ ನನ್ನ ಕಡೆ ನೋಡಿದರು. ಸೆರಗು ಕಚ್ಚಿಕೊಂಡು ಆಗುವುದಿಲ್ಲವೆಂದು ತಲೆಯಾಡಿಸಿದೆ. ಅವರು ಬಂದು ನನ್ನ ಕೈಯಿಂದ ಹಾಳೆ ತೆಗೆದುಕೊಂಡರು.

ಅವರಿಗೆ ಕನ್ನಡದ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಹಾಳೆಯನ್ನು ಮುಖದೆದುರು ಹಿಡಿದು ಮೊದಲಿನಿಂದ ಕೊನೆಯವರೆಗೆ ಒಂದು ಮಾತೂ ಬಿಡದೆ ಬಾಯಿಪಾಠ ಒಪ್ಪಿಸಿದರು. ಯಾಕೆ ಅಷ್ಟು ಸಲ ಓದಿಸಿದ್ದರೆಂದು ಆಗ ತಿಳಿಯಿತು. ನಾನು ಏಳಲಾರೆ ಎಂದು ಅವರಿಗೆ ಮೊದಲೇ ಗೊತ್ತಿತ್ತು.

ಸಾಹೇಬರು ನಕ್ಕು, ಹಾಳೆ ತಲೆಕೆಳಗಾಗಿದೆಯಲ್ಲ ಎಂದರು. ಜನವೂ ನಕ್ಕಿತು.

"ಹಾಳೆ ತಲೆಕೆಳಗೈತೆ ಸ್ವಾಮಿ, ಮಾತು ನೆಟ್ಟಗೈತೆ," ಎಂದರು ಚಾಚಾ.

ಸಾಹೇಬರು ಕೆಟ್ಟವರಲ್ಲ. ದೇಶ ಮುಂದೆ ಬರಬೇಕು, ನಿಮ್ಮ ಮಕ್ಕಳಿಗೂ ಕೆಲಸ ಸಿಗುತ್ತದೆ, ಅಲ್ಲಿ ಏನೂ ಬೆಳೆಯುವುದಿಲ್ಲವಲ್ಲ ಎಂದು ತಿಳಿಸಿ ಹೇಳಿದರು. ಚಾಚಾ ಜೊತೆಗೆ ತಂದಿದ್ದ ಡಬ್ಬಿಯ ಊಬನ್ನೆಲ್ಲ ಮೇಜಿನ ಮೇಲೆ ಸುರಿದು, ಏನೂ ಬೆಳೆಯದ ಕಡೆಯಿಂದ ಇದು ಕುರಿಯ ಮೈಗೆ ಹೇಗೆ ಬಂತು ಎಂದು ಕೇಳಿದರು. ಅರ್ಜಿ ಬರೆದವರು ಯಾರು ಎಂದು ಸಾಹೇಬರು ಕೇಳಿದಾಗ ನಾನು ಮುಂದಿನವಳ ಬೆನ್ನ ಹಿಂದೆ ಸರಿದೆ. ಚಾಚಾ ನನ್ನ ಕಡೆ ತಿರುಗಲೂ ಇಲ್ಲ. "ಅರ್ಜಿ ನಂದೇ" ಎಂದು ಕೆಳಗೆ ತಮ್ಮ ಹೆಬ್ಬೆಟ್ಟು ಒತ್ತಿದರು.

ಸಂಜೆ ಚಾಚಾ ಚಳ್ಳಕೆರೆ ಬಸ್ಸಿಗೆ ಕಾಯುವಾಗ, ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ.

"ಕಾಲು ಗಡಗಡ ಅಂತಿತ್ತು ಬೇಟಿ. ಲುಂಗಿ ಉಟ್ಟಿದ್ನಲ್ಲ, ಯಾರಿಗೂ ಕಾಣ್ಲಿಲ್ಲ."

ಗೋಡೆ ಎದ್ದಿತು. ಆದರೆ ಕಟ್ಟೆಗೆ ಒಂದು ಬಂಡಿಯಗಲ ದಾರಿ ಬಿಟ್ಟರು. ನನ್ನ ವೇತನವೂ ನಿಲ್ಲಲಿಲ್ಲ. ಅದೇ ಗೋಡೆಯ ಗೇಟಿನಲ್ಲಿ ನಿಮ್ಮ ಅಪ್ಪನಿಗೆ ಕಾವಲು ಕೆಲಸ ಸಿಕ್ಕಿತು. ಆ ಅನ್ನವನ್ನು ನಾವೆಲ್ಲ ಉಂಡಿದ್ದೇವೆ, ನಾನು ಗೋಡೆಯನ್ನು ಬೈಯಲಾರೆ. ಚಾಚಾ ಕಳೆದ ಚಳಿಗಾಲದಲ್ಲಿ ಆ ಕೆಮ್ಮಿನಲ್ಲೇ ತೀರಿಕೊಂಡರು. ನಾನು ಅವರ ಬಾಗಿಲವರೆಗೆ ಹೋಗಿ, ಅಲ್ಲಿಯೂ ಮಾತು ಬಾರದೆ ಹಿಂದಿರುಗಿದೆ.

ಈಗ ಆ ಬಂಡಿದಾರಿಯ ಮೇಲೂ ಕಲ್ಲು ನೆಟ್ಟಿದ್ದಾರೆ. ಸೋಮವಾರ ಮತ್ತೆ ಸಭೆ. ಈ ಸಲ ಭಯ ನನ್ನ ವೇತನದ್ದಲ್ಲ, ನಿಮ್ಮ ಅಪ್ಪನ ಕೆಲಸದ್ದು. ಅವನು ಬರೆಯಬೇಡ ಎನ್ನಲಿಲ್ಲ, ಬರೆ ಎಂದೂ ಹೇಳಲಿಲ್ಲ, ತಲೆ ತಗ್ಗಿಸಿ ಉಂಡು ಎದ್ದ. ನಿನ್ನೆ ಹಾಳೆ ತೆಗೆದು ಕೂತೆ. ಕೊನೆಗೆ ಬರೆಯೋಣವೆಂದರೆ ಮತ್ತೆ ಕೈ ಹಿಂದೆ ಸರಿದೀತು ಎಂದು ನನ್ನ ಹೆಸರನ್ನು ಎಲ್ಲಕ್ಕಿಂತ ಮೇಲೆ, ಮೊದಲೇ ಬರೆದೆ. ಆಮೇಲೆ ಅರ್ಜಿ ಬರೆದೆ.

ಓದುವುದೂ ನಾನೇ. ಕಾಲು ನಡುಗುತ್ತದೆ, ಗೊತ್ತು. ಸೀರೆ ಪಾದದವರೆಗೆ ಇದೆ.